ಯಾರೂ ಕೂಗಲಿಲ್ಲ

ಮಾರ್ಚ್ 3, ಸೋಮವಾರ

ಇನ್ನು ಇಪ್ಪತ್ತೆಂಟು ದಿನ. ಮೂವತ್ತೊಂದರ ಸಂಜೆಯೊಳಗೆ ನೆಲಮಾಳಿಗೆಯ ಸರ್ವರ್ ರೂಮನ್ನು ಖಾಲಿ ಮಾಡಿ, ಗುಡಿಸಿ, ಬೀಗದ ಕೈ ಒಪ್ಪಿಸಬೇಕು. ಇನ್ನೂರ ಹನ್ನೆರಡು ಸರ್ವರ್‌ಗಳು. ನಮ್ಮ ಹದಿನಾಲ್ಕು ಆಸ್ಪತ್ರೆಗಳ ಎಕ್ಸ್‌ರೇ, ರಕ್ತ ಪರೀಕ್ಷೆ, ಔಷಧಿ ದಾಸ್ತಾನು, ಯಾವ ಹಾಸಿಗೆಯಲ್ಲಿ ಯಾರು ಮಲಗಿದ್ದಾರೆ ಎಂಬುದು, ಎಲ್ಲವೂ ಇವುಗಳ ಹೊಟ್ಟೆಯಲ್ಲಿದೆ. ಊರ ಹೊರಗೆ ಹೊಸ ಜಾಗ ಸಿದ್ಧವಾಗಿದೆ. ಎಲ್ಲವನ್ನೂ ಅಲ್ಲಿಗೆ ಸಾಗಿಸಬೇಕು, ಆದರೆ ಆಸ್ಪತ್ರೆಗಳಿಗೆ ಅದು ಗೊತ್ತೇ ಆಗಬಾರದು. ಒಲೆಯ ಮೇಲೆ ಅಡುಗೆ ಬೇಯುತ್ತಿರುವಾಗಲೇ ಮನೆ ಬದಲಿಸಿ ಅಂದ ಹಾಗೆ.

ನಮ್ಮ ವಿಭಾಗದ ಮುಖ್ಯಸ್ಥರನ್ನು ನಾವು ದೊಡ್ಡವರು ಅನ್ನುತ್ತೇವೆ. ಮೀಟಿಂಗ್‌ನಲ್ಲಿ ನನ್ನ ಕಡೆ ತಿರುಗಿ, "ನೀವಿದೀರಲ್ಲ ಮೇಡಂ, ನಮಗೇನು ಚಿಂತೆ?" ಎಂದರು. ಹದಿನೇಳು ವರ್ಷದಿಂದ ಈ ರೂಮು ನೋಡಿಕೊಳ್ಳುತ್ತಿದ್ದೇನೆ. ಈ ಮಾತು ಕೇಳಿದಾಗಲೆಲ್ಲ ನನ್ನ ರಜೆ ಹಾರಿಹೋಗಿದೆ.

ಮನೆಗೆ ಬಂದ ಮೇಲೂ ಕಿವಿಯಲ್ಲಿ ಫ್ಯಾನುಗಳ ಗುಂಯ್ ಗುಂಯ್. ಅತ್ತೆ ಏನೋ ಕೇಳಿದರು, ಹೂಂ ಅಂದೆ. ಅದು ಹೂಂ ಅನ್ನುವ ಪ್ರಶ್ನೆಯಾಗಿರಲಿಲ್ಲ ಅಂತ ಅವರ ಮುಖ ನೋಡಿದ ಮೇಲೆ ಗೊತ್ತಾಯಿತು. ಆಫೀಸಿನ ಪುಸ್ತಕದಲ್ಲಿ ಇಂಥದ್ದೆಲ್ಲ ಬರೆಯುವ ಹಾಗಿಲ್ಲ, ಅದಕ್ಕೇ ಈ ನೋಟುಬುಕ್ಕು.

ಮಾರ್ಚ್ 5, ಬುಧವಾರ

ಇನ್ನೂರ ಹನ್ನೆರಡರಲ್ಲಿ ಹತ್ತೊಂಬತ್ತಕ್ಕೆ ದಿಕ್ಕುದೆಸೆಯಿಲ್ಲ. ಯಾವ ವಿಭಾಗದ್ದು, ಏನು ಮಾಡುತ್ತದೆ, ಯಾರು ತಂದಿಟ್ಟರು, ಒಂದೂ ತಿಳಿಯದು. ಓಡುತ್ತಿವೆ ಅಷ್ಟೆ.

ಇಂಥವಕ್ಕೆ ನಮ್ಮ ಕಸುಬಿನಲ್ಲಿ ಒಂದು ಉಪಾಯವಿದೆ. ಕೂಗು ಪರೀಕ್ಷೆ ಅನ್ನುತ್ತೇವೆ. ಮೊದಲು ಎಲ್ಲ ವಿಭಾಗಗಳನ್ನೂ ವಿಚಾರಿಸುವುದು. ಯಾರೂ ನಮ್ಮದು ಅನ್ನದಿದ್ದರೆ ನೆಟ್‌ವರ್ಕ್ ಕೇಬಲ್ ಕಿತ್ತು ಹತ್ತು ದಿನ ಕಾಯುವುದು. ಯಾರಾದರೂ ಕೂಗಾಡಿಕೊಂಡು ಬಂದರೆ ಅದು ಅವರದು, ಮತ್ತೆ ಸಿಕ್ಕಿಸಿಕೊಡುವುದು. ಯಾರೂ ಕೂಗದಿದ್ದರೆ ಯಾರಿಗೂ ಬೇಡ ಎಂದರ್ಥ, ಕರೆಂಟು ತೆಗೆದು ಗುಜರಿಗೆ ಹಾಕುವುದು. ಈ ನಿಯಮವನ್ನು ಕಾಗದಕ್ಕೆ ಇಳಿಸಿದವಳು ನಾನೇ. ಚೆನ್ನಾಗಿದೆ ಅಂತ ದೊಡ್ಡವರು ಎಲ್ಲರಿಗೂ ಹಂಚಿದ್ದರು.

ಇವತ್ತು ಮೂರು ಕಿತ್ತೆವು. ಎರಡನೆಯದು ಕಿತ್ತು ನಾಲ್ಕು ನಿಮಿಷ ಆಗಿರಲಿಲ್ಲ, ಕ್ಯಾಂಟೀನಿನಿಂದ ಫೋನ್. ಗೋಡೆಯ ಟೀವಿಯಲ್ಲಿ ಊಟದ ಪಟ್ಟಿ ಮಾಯವಾಗಿದೆಯಂತೆ. ನಮ್ಮ ಕೇಬಲ್ ಕೆಲಸಗಾರನನ್ನು ಇಡೀ ಕಟ್ಟಡ ವೈರಣ್ಣ ಅಂತಲೇ ಕರೆಯುತ್ತದೆ. ಅವನು ಬಿದ್ದು ಬಿದ್ದು ನಕ್ಕ.

"ಹೊಟ್ಟೆ ವಿಷಯ ಬಂದ್ರೆ ಜನ ಎಷ್ಟು ಚುರುಕು ನೋಡಿ ಮೇಡಂ!"

ನನಗೆ ನಗು ಬರಲಿಲ್ಲ. ಇನ್ನು ಹದಿನಾರು ಬಾಕಿ.

ಮಾರ್ಚ್ 7, ಶುಕ್ರವಾರ

ಆರನೇ ಸಾಲಿನ ಕೊನೆಯ ರ‍್ಯಾಕಿನ ಬುಡದಲ್ಲಿ ಒಂದು ಹಳೇ ಪೆಟ್ಟಿಗೆ. ಪಟ್ಟಿಯಲ್ಲಿ ನಲವತ್ತೊಂದನೆಯದು. ನಾನು ಕಾಲು ಮುರಿದುಕೊಂಡು ಮೂರು ತಿಂಗಳು ಮನೆಯಲ್ಲಿ ಬಿದ್ದಿದ್ದಾಗ ಯಾರೋ ತಂದು ತುರುಕಿದ್ದಿರಬೇಕು. ಮುಂಭಾಗದಲ್ಲಿ ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ಒಂದು ತುಂಡು ಅಂಟಿಸಿ, ಅದರ ಮೇಲೆ ಪೆನ್ನಿನಿಂದ "ದಯವಿಟ್ಟು ಆರಿಸಬೇಡಿ" ಎಂದು ಬರೆದಿದ್ದಾರೆ. ದಯವಿಟ್ಟು ಅಂತ ಬರೆಯಲು ನೆನಪಾದವರಿಗೆ ತಮ್ಮ ಹೆಸರು ಬರೆಯಲು ನೆನಪಾಗಿಲ್ಲ.

ಹನ್ನೊಂದು ವಿಭಾಗಗಳಿಗೆ ಮೇಲ್ ಕಳಿಸಿದ್ದೆ. ಒಂಬತ್ತು ವಿಭಾಗದವರು ನಮ್ಮದಲ್ಲ ಅಂದರು. ಬಟ್ಟೆ ಒಗೆಯುವವರು ಫೋನಿನಲ್ಲಿ ನಮಗೆ ಕಂಪ್ಯೂಟರೇ ಇಲ್ಲ ಅಂತ ನಕ್ಕರು. ಉಳಿದದ್ದು ಮನೆ ಆರೈಕೆ ವಿಭಾಗ. ಡಿಸ್ಚಾರ್ಜ್ ಆಗಿ ಮನೆಗೆ ಹೋದ ರೋಗಿಗಳನ್ನು ನೋಡಿಕೊಳ್ಳುವ ನರ್ಸುಗಳ ವಿಭಾಗ ಅದು. ಎರಡು ಮೇಲ್ ಕಳಿಸಿದರೂ ಉತ್ತರವಿಲ್ಲ. ಅವರ ಆಫೀಸು ಇದೇ ಕಟ್ಟಡದ ಎರಡನೇ ಮಹಡಿಯಲ್ಲಿದೆ. ಹತ್ತಿ ಹೋಗಿ ಕೇಳಬಹುದಿತ್ತು. ಲಿಫ್ಟ್ ಕೆಟ್ಟಿತ್ತು, ಹಳೇ ಕಾಲು ನೋಯುತ್ತಿತ್ತು, ಗಂಟೆ ಐದೂಕಾಲು. "ವಿಚಾರಿಸಲಾಗಿದೆ" ಎಂಬ ಕಾಲಂನಲ್ಲಿ ಟಿಕ್ ಹಾಕಿದೆ. ವೈರಣ್ಣ ಕೇಬಲ್ ಕಿತ್ತ.

ಮಾರ್ಚ್ 10, ಸೋಮವಾರ

ನಲವತ್ತೊಂದಕ್ಕೆ ಯಾರೂ ಕೂಗಲಿಲ್ಲ. ಇವತ್ತು ಒಟ್ಟು ಎರಡೇ ಫೋನ್ ಬಂದದ್ದು. ಇಂಥ ದಿನ ಬಂದು ಯಾವ ಕಾಲವಾಯಿತೋ.

ಮೂರನೇ ಎಸಿ ಸೋರುತ್ತಿದೆ, ಕೆಳಗೆ ಬಕೆಟ್ ಇಟ್ಟಿದ್ದೇವೆ. ದೊಡ್ಡ ಸಂಸ್ಥೆ, ಹದಿನಾಲ್ಕು ಆಸ್ಪತ್ರೆ, ಸಾವಿರಾರು ಜನ ಸಿಬ್ಬಂದಿ. ಎಲ್ಲ ಬಂದು ನಿಂತಿರುವುದು ಒಂದು ಪ್ಲಾಸ್ಟಿಕ್ ಬಕೆಟ್ಟಿನ ಮೇಲೆ. ಎರಡು ಗಂಟೆಗೊಮ್ಮೆ ನಾನು ಅಥವಾ ವೈರಣ್ಣ ಅದನ್ನು ಚೆಲ್ಲಿ ಬರುತ್ತೇವೆ.

ಮನೆಯಲ್ಲಿ ಇವರು ನಾಲ್ಕೈದು ದಿನದಿಂದ ಸರಿಯಾಗಿ ಮಾತಾಡಿಲ್ಲ. ಏನಾದರೂ ಇದ್ದಿದ್ದರೆ ಹೇಳುತ್ತಿದ್ದರು. ನನಗೂ ಮಾತು ಬೇಡವಾಗಿದೆ.

ಮಾರ್ಚ್ 12, ಬುಧವಾರ

ಯಾರೂ ಕೂಗಲಿಲ್ಲ. ಮಲಗುತ್ತೇನೆ.

ಮಾರ್ಚ್ 14, ಶುಕ್ರವಾರ

ಗುಜರಿ ಲಾರಿ ಸೋಮವಾರವೇ ಬರುತ್ತದಂತೆ, ಆಮೇಲೆ ತಿಂಗಳ ಕೊನೆಯವರೆಗೆ ಸಿಗುವುದಿಲ್ಲವಂತೆ. ಹತ್ತು ದಿನ ಎಂಬುದು ನಾನೇ ಬರೆದ ನಿಯಮ. ಏಳು ದಿನಕ್ಕೇ ಮುಗಿಸಿದೆ. ಹನ್ನೊಂದು ಪೆಟ್ಟಿಗೆಗಳ ಕರೆಂಟು ತೆಗೆದೆವು, ನಲವತ್ತೊಂದೂ ಸೇರಿ. ಆರನೇ ಸಾಲಿನ ಗದ್ದಲ ಕಡಿಮೆಯಾಗಿದೆ. ಕಿವಿಗೆ ಹಾಯೆನಿಸಿತು.

ಮಾರ್ಚ್ 17, ಸೋಮವಾರ

ಇವತ್ತಿನದು ಬರೆಯಲೇಬೇಕು.

ಹನ್ನೊಂದು ಗಂಟೆಗೆ ಮನೆ ಆರೈಕೆ ವಿಭಾಗದ ಸಿಸ್ಟರ್ ಮೆಟ್ಟಿಲಿಳಿದು ರೂಮಿಗೆ ಬಂದರು. ಈ ಜನವರಿಯಲ್ಲಿ ಬಂದ ಹೊಸ ಮುಖ್ಯಸ್ಥೆ. ಕೂಗಲಿಲ್ಲ, ಜಗಳವಾಡಲಿಲ್ಲ. ಬಾಗಿಲಲ್ಲಿ ನಿಂತು ಸಂಕೋಚದಿಂದಲೇ ಕೇಳಿದರು.

"ಮೇಡಂ, ನಮ್ ಪ್ರಿಂಟರ್ ಏನಾದ್ರೂ ಕೆಟ್ಟಿದೆಯಾ ಅಂತ ಸ್ವಲ್ಪ ನೋಡ್ತೀರಾ? ಚೀಟಿ ಬರ್ತಾ ಇಲ್ಲ."

ಯಾವ ಚೀಟಿ ಅಂದೆ. ಅವರು ಹೇಳುತ್ತಾ ಹೋದರು. ಹೃದಯದ ಕಾಯಿಲೆಯಿಂದ ಆಸ್ಪತ್ರೆ ಸೇರಿ ಮನೆಗೆ ಹೋದ ಅರವತ್ತಮೂರು ಜನರಿಗೆ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಒಂದು ಯಂತ್ರ ಫೋನ್ ಮಾಡುತ್ತದೆ. ರೆಕಾರ್ಡ್ ಮಾಡಿದ ದನಿಯೊಂದು, ಇವತ್ತಿನ ನಿಮ್ಮ ತೂಕ ಒತ್ತಿ, ಉಸಿರಾಟ ಕಷ್ಟವಾಗಿದ್ದರೆ ಒಂಬತ್ತು ಒತ್ತಿ ಅನ್ನುತ್ತದೆ. ಇಂಥ ರೋಗಿಗಳಿಗೆ ತೂಕ ಏಕಾಏಕಿ ಎರಡು ಕೆಜಿ ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆ, ಹೃದಯ ಸೋಲುತ್ತಿದೆ ಎಂದು ಅರ್ಥವಂತೆ. ಯಾರ ತೂಕ ಏರಿದೆ, ಯಾರು ಫೋನ್ ಎತ್ತಲಿಲ್ಲ ಎಂಬ ಚೀಟಿ ಎಂಟು ಗಂಟೆಗೆ ಸಿಸ್ಟರ್ ಆಫೀಸಿನಲ್ಲಿ ಪ್ರಿಂಟ್ ಆಗುತ್ತದೆ. ನರ್ಸು ಅವರ ಮನೆಗೆ ಹೋಗುತ್ತಾಳೆ. ಎಲ್ಲರೂ ಸರಿಯಾಗಿದ್ದರೆ ಚೀಟಿಯೇ ಬರುವುದಿಲ್ಲ.

"ಒಂದೊಂದ್ಸಲ ನಾಲ್ಕೈದು ದಿನ ಬರಲ್ಲ. ಈ ಸಲ ಹತ್ತು ದಿನ ಬರ್ಲಿಲ್ಲ. ಮೊದಮೊದಲು ಖುಷಿಪಟ್ಟೆ ಮೇಡಂ, ಎಲ್ಲರೂ ಹುಷಾರಾಗಿದಾರೆ ಅಂತ."

ನಾನು ಮೇಲ್ ಕಳಿಸಿದ್ದು ಡಿಸೆಂಬರಿನಲ್ಲಿ ನಿವೃತ್ತರಾದ ಹಿಂದಿನ ಸಿಸ್ಟರ್ ವಿಳಾಸಕ್ಕೆ. ಆ ಯಂತ್ರ ತರಿಸಿದವರೂ, ಪ್ಲಾಸ್ಟರ್ ಅಂಟಿಸಿದವರೂ ಅವರೇ. ನಮ್ಮ ರೂಮಿಗೆ ಪ್ಲಾಸ್ಟರ್ ಹಿಡಿದು ಬರುವವರು ನರ್ಸಲ್ಲದೆ ಇನ್ಯಾರಿರುತ್ತಾರೆ? ನನ್ನ ಬುದ್ಧಿಗೆ ಅಷ್ಟೂ ಹೊಳೆಯಲಿಲ್ಲ.

ಲಾರಿ ಇನ್ನೂ ಬಂದಿರಲಿಲ್ಲ. ನಲವತ್ತೊಂದನ್ನು ಗುಡ್ಡೆಯಿಂದ ಎಳೆದು ಕರೆಂಟು ಕೊಟ್ಟೆವು. ಡಿಸ್ಕು ಟಿಕ್ ಟಿಕ್ ಅಂದು ಸುಮ್ಮನಾಯಿತು. ವರ್ಷಗಟ್ಟಲೆ ನಿಲ್ಲದೆ ತಿರುಗಿದ ಹಳೇ ಡಿಸ್ಕು ಒಮ್ಮೆ ತಣ್ಣಗಾದರೆ ಮತ್ತೆ ತಿರುಗುವುದು ಅನುಮಾನ. ಇದು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ.

ಸಿಸ್ಟರ್ ಬೀರುವಿನಲ್ಲಿ ಹೆಸರು, ನಂಬರುಗಳ ರಿಜಿಸ್ಟರ್ ಇತ್ತು. ಅವರೊಂದು ಫೋನ್, ವೈರಣ್ಣನೊಂದು, ನಾನೊಂದು ಹಿಡಿದು ಕೂತೆವು. ಅರವತ್ತಮೂರರಲ್ಲಿ ಐದು ಜನರ ತೂಕ ಏರಿತ್ತು, ನರ್ಸುಗಳು ಓಡಿದರು. ಸಂಜೆ ಆರರ ಹೊತ್ತಿಗೆ ಒಬ್ಬರು ಮಾತ್ರ ಉಳಿದಿದ್ದರು. ಐವತ್ತೆಂಟು ವರ್ಷದ ಹೆಂಗಸು, ಒಬ್ಬರೇ ಇರುತ್ತಾರೆ, ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾರೆ. ಒಂಬತ್ತು ಸಲ ಮಾಡಿದೆ. ಫೋನ್ ಬಡಿದುಕೊಳ್ಳುತ್ತಿದೆ, ಎತ್ತುವವರಿಲ್ಲ.

"ಕ್ಲಾಸಲ್ಲಿರ್ತಾರೆ ಬಿಡಿ. ಅವರು ಮನೇಲಿ ಇರೋ ಜನಾನೇ ಅಲ್ಲ" ಎಂದರು ಸಿಸ್ಟರ್.

ಆಂಬುಲೆನ್ಸ್ ಕಳಿಸಿ ಅಂದೆ. ಅವರು ಅನುಮಾನಿಸಿದರು. ಕಳಿಸಿ ಅಂತ ಕಿರುಚಿದೆ. ಹದಿನೇಳು ವರ್ಷದಲ್ಲಿ ಆ ಕಟ್ಟಡದಲ್ಲಿ ನಾನು ಕಿರುಚಿದ್ದು ಇದೇ ಮೊದಲು.

ಆರೂ ನಲವತ್ತಕ್ಕೆ ಆಂಬುಲೆನ್ಸಿನವರಿಂದ ಫೋನ್ ಬಂತು. ಬಾಗಿಲಿಗೆ ಚಿಲಕ ಹಾಕಿರಲಿಲ್ಲವಂತೆ. ನೆಲದ ಮೇಲೆ ಸೋಫಾಕ್ಕೆ ಒರಗಿ ಕೂತಿದ್ದರು, ಕಾಲು ಕಂಬದ ಹಾಗೆ ಊದಿತ್ತು, ಮಾತು ಹೊರಡುತ್ತಿರಲಿಲ್ಲ. ಉಸಿರಿದೆ ಅಂದರು.

ಮಾರ್ಚ್ 18, ಮಂಗಳವಾರ

ಐಸಿಯುನಲ್ಲಿದ್ದಾರೆ. ಅವರ ತೂಕ ಅರವತ್ತೊಂದು ಇರಬೇಕಾದದ್ದು ಅರವತ್ತೆಂಟು ಇದೆ. ಏಳು ಕೆಜಿ ನೀರು. ನಲವತ್ತೆಂಟು ಗಂಟೆ ಏನೂ ಹೇಳಲಾಗದು ಎಂದರು ಡಾಕ್ಟರು.

ಯಂತ್ರ ಸರಿಯಾಗುವ ತನಕ ಬೆಳಗಿನ ಫೋನ್ ನಾವೇ ಮಾಡಬೇಕು. ಮೂರು ಭಾಗ ಮಾಡಿಕೊಂಡೆವು, ನನ್ನ ಪಾಲಿಗೆ ಇಪ್ಪತ್ತೊಂದು ಜನ. ಏಳು ಗಂಟೆಗೆ ಅಡುಗೆಮನೆಯ ಕಟ್ಟೆಗೆ ಒರಗಿ ಶುರು ಮಾಡಿದೆ. ಇಪ್ಪತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ, ಒಂದೂಕಾಲು ಗಂಟೆ ಹಿಡಿಯಿತು. ಯಾರೂ ತೂಕ ಮಾತ್ರ ಹೇಳುವುದಿಲ್ಲ. ಹೂವಿನಂಗಡಿಯವರು ತಕ್ಕಡಿಯ ಮೇಲೇ ಅನುಮಾನಪಟ್ಟು ಮಗನನ್ನೂ ನಿಲ್ಲಿಸಿ ನೋಡಿದರು. ನಿವೃತ್ತ ಅಂಚೆಯವರು ಚಪ್ಪಲಿ ಹಾಕಿಕೊಂಡು ನಿಂತರೆ ಎಷ್ಟು ಕಳೆಯಬೇಕು ಎಂದು ಕೇಳಿದರು.

"ಬೆಳಗ್ಗೆ ಬೆಳಗ್ಗೆ ಊರವರ ತೂಕ ಎಲ್ಲಾ ನಿನಗ್ಯಾಕೆ?" ಎಂದರು ಅತ್ತೆ. ಮುಂದಿನ ನಂಬರು ಒತ್ತಿದೆ.

ಮಧ್ಯಾಹ್ನ ದೊಡ್ಡವರು ಕರೆಸಿದರು. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋದೆ. ಅವರು ಎದ್ದು ನಿಂತು ಕೈಕುಲುಕಿದರು. ಆಂಬುಲೆನ್ಸ್ ಕಳಿಸಲು ಹಟ ಹಿಡಿದವಳು ನಾನೇ ಅಂತ ಸಿಸ್ಟರ್ ಹೇಳಿದ್ದಾರಂತೆ.

"ನಿಮ್ ಸಮಯಪ್ರಜ್ಞೆ ಒಂದು ಜೀವ ಉಳಿಸ್ತು ಮೇಡಂ. ಮೇಲಿನವರಿಗೆ ಬರೆದಿದೀನಿ. ಆ ಸರ್ವರ್ ಹಳೇದಾಗಿತ್ತು, ತಾನಾಗೇ ನಿಂತುಹೋಯ್ತು. ರಿಪೋರ್ಟ್‌ನಲ್ಲಿ ಅಷ್ಟೇ ಸಾಕು. ಇಷ್ಟು ದೊಡ್ಡ ಕೆಲಸದ ಮಧ್ಯೆ ಕೆದಕೋದು ಬೇಡ."

ನನ್ನ ಬಾಯಿಂದ ಸರಿ ಸರ್ ಅಂತ ಬಂತು. ಬಂದದ್ದು ನನಗೇ ಕೇಳಿಸಿತು.

ಮಾರ್ಚ್ 20, ಗುರುವಾರ

ಆಕ್ಸಿಜನ್ ಮಾಸ್ಕ್ ತೆಗೆದರಂತೆ. ತೂಕ ಅರವತ್ತೈದಕ್ಕೆ ಇಳಿದಿದೆ. ಬದುಕುತ್ತಾರೆ ಅಂದರು ಸಿಸ್ಟರ್. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಟ್ಟೆ.

ಇವತ್ತು ಮೂವತ್ತಾರು ಸರ್ವರ್ ಸಾಗಿಸಿದೆವು. ಎಣಿಸಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ.

ಮಾರ್ಚ್ 21, ಶುಕ್ರವಾರ

ನೋಡಲು ಹೋಗಿದ್ದೆ. ವಾರ್ಡಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರಮ್ಮ ಅನ್ನುತ್ತಾರೆ. ಸಣ್ಣ ಆಳು, ದನಿ ಮಾತ್ರ ಬೀದಿಯ ಆ ತುದಿಗೆ ಕೇಳಬೇಕು. ಆಹಾರದ ಗಾಡಿ ತಳ್ಳಿಕೊಂಡು ಬಂದವನಿಗೆ, "ತಿರುವಲ್ಲಿ ನಿಧಾನ! ಯಾರ್ ಕಾಲ್ ಮೇಲೆ ಹತ್ತಿಸ್ಬೇಕು ಅಂತಿದೀಯಾ?" ಎಂದು ಗದರುತ್ತಿದ್ದರು. ನಾನು ಯಾರೆಂದು ಸಿಸ್ಟರ್ ಹೇಳಿದ್ದೇ ತಡ, ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು.

"ನೀವೇನಾ ಮೇಡಂ? ಒಂಬತ್ತು ಸಲ ಫೋನ್ ಮಾಡಿದ್ರಂತೆ. ನನಗೆ ಕೇಳ್ತಾ ಇತ್ತು ಗೊತ್ತಾ? ಮೇಜಿನ ಮೇಲೆ ಬಡ್ಕೊಳ್ತಾ ಇತ್ತು, ಕೈ ಎತ್ತೋಕೆ ಆಗ್ಲಿಲ್ಲ. ಯಾರೋ ಬಿಡದೆ ಮಾಡ್ತಿದಾರೆ, ಹಾಗಾದ್ರೆ ಬರ್ತಾರೆ ಅಂದ್ಕೊಂಡೆ. ಅದೇ ಧೈರ್ಯದ ಮೇಲೆ ಕೂತಿದ್ದೆ."

ಇಷ್ಟು ಕೆಡುವ ತನಕ ಆಸ್ಪತ್ರೆಗೆ ಯಾಕೆ ಬರಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು.

"ಬೆಳಗ್ಗೆ ಫೋನ್ ಬರೋದು ನಿಂತುಹೋಯ್ತಲ್ಲ. ನನ್ನ ತೂಕ ಅಷ್ಟು ದಿನದಿಂದ ಸರಿಯಾಗಿತ್ತು. ಓ, ನಾನು ಪಾಸಾದೆ, ಆಸ್ಪತ್ರೆಯವರೇ ಲೈಸೆನ್ಸ್ ಕೊಟ್ರು ಅಂದ್ಕೊಂಡೆ. ಆ ನೀರಿನ ಮಾತ್ರೆ ತಗೊಂಡ್ರೆ ಗಳಿಗೆಗೊಂದ್ಸಲ ಬಚ್ಚಲಿಗೆ ಓಡ್ಬೇಕು, ಕ್ಲಾಸ್ ಮಾಡೋದು ಹೇಗೆ? ನಿಲ್ಲಿಸ್ಬಿಟ್ಟೆ. ತಕ್ಕಡೀನ ಮಂಚದ ಕೆಳಗೆ ತಳ್ಳಿದೆ. ಬೇಕಾದಷ್ಟು ನೀರು ಕುಡಿದೆ. ಎರಡು ದಿನ ಎಷ್ಟು ಸುಖವಾಗಿತ್ತು ಗೊತ್ತಾ ಮೇಡಂ!"

ನಕ್ಕರು. ನಗುವಾಗ ಕೆಮ್ಮು ಬಂತು. ನೀರು ಕೊಡಲು ಹೋದೆ, ಸಿಸ್ಟರ್ ಲೋಟ ಕಸಿದುಕೊಂಡು ಎರಡೇ ಚಮಚ ಕುಡಿಸಿದರು. ಕೇಬಲ್ ಕೀಳಿಸಿದ್ದು ನಾನೇ ಎಂದು ಹೇಳಲಿಲ್ಲ. ಹದಿನೈದು ನಿಮಿಷ ಕೂತು ಎದ್ದು ಬಂದೆ.

ಮಾರ್ಚ್ 23, ಭಾನುವಾರ

ಹೇಳಲೇಬೇಕು ಎಂದು ಹೊರಟೆ. ಅವರು ನನಗೆ ಕಾರು ಬರುವುದಿಲ್ಲ ಎಂದು ತಿಳಿದು ಹೌಹಾರಿದರು. ಮನೆಗೆ ಹೋದ ಮೇಲೆ ಮೊದಲನೇ ಪಾಠ ನನಗೇ ಅಂತೆ, ಜೀವ ಉಳಿಸಿದವರಿಗೆ ಅಷ್ಟೂ ಮಾಡದಿದ್ದರೆ ಹೇಗೆ ಅಂತೆ. ಹಾಸಿಗೆಯ ಮೇಲೇ ಕ್ಲಚ್ಚು, ಬ್ರೇಕು, ಗೇರು ಎಂದು ಕೈಕಾಲು ಆಡಿಸಿ ತೋರಿಸಿದರು. ಪಕ್ಕದ ಹಾಸಿಗೆಯವರೂ ಕಲಿತರು. ನಾನು ಹೇಡಿ. ಮತ್ತೆ ಹಾಗೇ ಬಂದೆ.

ಮನೆಯಲ್ಲಿ ಇವರು ಮೇಲಿನ ಶೆಲ್ಫಿನಿಂದ ಡಬ್ಬಿ ತೆಗೆಯಲು ಎಡಗೈ ಚಾಚುತ್ತಿದ್ದರು. ಬಲಗೈಗೇನಾಯಿತು ಎಂದು ಕೇಳಿದೆ.

"ಭುಜ ಹಿಡ್ಕೊಂಡಿದೆ. ಮೇಲಕ್ಕೆ ಎತ್ತೋಕಾಗಲ್ಲ."

"ಯಾವಾಗಿಂದ?"

"ಒಂದು ತಿಂಗಳಾಯ್ತು."

"ಹೇಳೋದಲ್ವಾ?"

"ನಿನಗೆ ಪುರುಸೊತ್ತು ಎಲ್ಲಿತ್ತು?" ಎಂದರು, ಬೇಜಾರೇನೂ ಇಲ್ಲದ ಹಾಗೆ. ಬಿಸಿನೀರಿನ ಚೀಲ ಹುಡುಕಿ ಭುಜಕ್ಕೆ ಇಟ್ಟೆ. ಒಂದು ಗಂಟೆ ಮಾತಾಡಿದೆವು. ಇವರ ಆಫೀಸಿನಲ್ಲಿ ಎರಡು ವಾರದ ಹಿಂದೆ ದೊಡ್ಡ ಜಗಳವಾಗಿದೆ, ನನಗೆ ಗೊತ್ತೇ ಇರಲಿಲ್ಲ. ನಾಳೆ ಡಾಕ್ಟರ ಹತ್ತಿರ ಹೋಗಬೇಕು. ಸುಸ್ತು ಏನೂ ಕಡಿಮೆಯಾಗಿಲ್ಲ.

ಮಾರ್ಚ್ 25, ಮಂಗಳವಾರ

ಬೆಳಗಿನ ಫೋನುಗಳ ನಡುವೆ ಬೇಕರಿಯವರ ತಾಯಿಯ ದನಿ ಸಣ್ಣಗಾಗಿತ್ತು. ತೂಕ ಸರಿಯಿತ್ತು, ಉಸಿರು ಸರಿಯಿತ್ತು. ಏನಮ್ಮಾ ಎಂದು ಕೇಳಿದ್ದಕ್ಕೆ ಕನ್ನಡಕ ಮುರಿದಿದೆ, ಮಾತ್ರೆಯ ಬಣ್ಣ ಗೊತ್ತಾಗುತ್ತಿಲ್ಲ ಎಂದರು. ಇದನ್ನು ಒತ್ತಿ ಹೇಳಲು ಯಾವ ಬಟನ್ನೂ ಇಲ್ಲ. ನರ್ಸಿಗೆ ತಿಳಿಸಿದೆ. ಅತ್ತೆ ಈಗ ಪಕ್ಕದಲ್ಲೇ ಕೂತು, "ಅಂಚೆಯವರು ಇವತ್ತು ಎಷ್ಟು?" ಎಂದು ಕೇಳುತ್ತಾರೆ.

ವೈರಣ್ಣ ಡಿಸ್ಕ್ ರಿಪೇರಿಯವರ ಹತ್ತಿರ ಎರಡು ದಿನ ಕೂತು ನಲವತ್ತೊಂದರ ಒಳಗಿದ್ದದ್ದನ್ನೆಲ್ಲ ಎತ್ತಿಸಿಕೊಂಡು ಬಂದ. ಹೊಸ ಜಾಗದಲ್ಲಿ ಹೊಸ ಸರ್ವರ್ ಮೇಲೆ ಹಾಕಿದ್ದೇವೆ. ಒಂದು ಬದಲಾವಣೆ ನಾನು ಸೇರಿಸಿದೆ. ಎಲ್ಲರೂ ಸರಿಯಾಗಿದ್ದರೂ ದಿನಾ ಚೀಟಿ ಬರಬೇಕು, ಅದರಲ್ಲಿ "ಅರವತ್ತಮೂರು ಜನರನ್ನೂ ಕೇಳಿದೆ, ಎಲ್ಲರೂ ಸರಿ" ಎಂದು ಇರಬೇಕು. ಸರ್ವರಿನ ಮೇಲೆ ಹೆಸರು, ವಿಭಾಗ, ಫೋನ್ ನಂಬರು ದೊಡ್ಡದಾಗಿ ಬರೆದು ಅಂಟಿಸಿದ್ದೇವೆ.

ಸ್ಕ್ರೂ ಬಿಗಿಮಾಡುತ್ತಾ ವೈರಣ್ಣ ಕೇಳಿದ. "ರಿಪೋರ್ಟಲ್ಲಿ ಏನಂತ ಬರೀತೀರಾ ಮೇಡಂ?"

"ದೊಡ್ಡವರು ಹೇಳಿದ್ದು ನಿನಗೆ ಗೊತ್ತಲ್ಲ."

"ಗೊತ್ತು. ಕಿತ್ತದ್ದು ನನ್ ಕೈ. ಅದಕ್ಕೇ ಕೇಳ್ದೆ" ಎಂದ.

ಮಾರ್ಚ್ 27, ಗುರುವಾರ

ಎರಡೂ ಮುಗಿಯಿತು.

ರಿಪೋರ್ಟ್ ಬೆಳಿಗ್ಗೆ ಕಳಿಸಿದೆ. "ಈ ಸರ್ವರ್ ತಾನಾಗಿ ನಿಲ್ಲಲಿಲ್ಲ. ಮಾರ್ಚ್ 7ರಂದು ನನ್ನ ಆದೇಶದಂತೆ ಕೇಬಲ್ ಕೀಳಲಾಯಿತು. ಮನೆ ಆರೈಕೆ ವಿಭಾಗವನ್ನು ವಿಚಾರಿಸದೆಯೇ ವಿಚಾರಿಸಲಾಗಿದೆ ಎಂದು ನಾನು ಗುರುತು ಹಾಕಿದೆ. ನಿಯಮದ ಹತ್ತು ದಿನವನ್ನೂ ಕಾಯಲಿಲ್ಲ. ಕೇಬಲ್ ಕೆಲಸಗಾರರ ತಪ್ಪೇನೂ ಇಲ್ಲ." ಬರೆಯಲು ಹತ್ತು ನಿಮಿಷ, ಕಳಿಸುವ ಬಟನ್ ಒತ್ತಲು ಮುಕ್ಕಾಲು ಗಂಟೆ.

ದೊಡ್ಡವರು ಬಾಗಿಲು ಹಾಕಿಕೊಂಡು ಬೈದರು. "ನಿಮ್ಮನ್ನ ಕಾಪಾಡೋಕೆ ನಾನು ಒದ್ದಾಡ್ತಾ ಇದ್ರೆ ನೀವೇ ನಿಮ್ ಕಾಲ ಮೇಲೆ ಕಲ್ಲು ಎತ್ತಿ ಹಾಕ್ಕೊಂಡ್ರಲ್ಲ!" ವಿಚಾರಣೆ ನಡೆಯುತ್ತದೆ. ಹೊಸ ಜಾಗದ ಉಸ್ತುವಾರಿ ಬೇರೆಯವರಿಗೆ. ಇಲ್ಲಿ ಖಾಲಿ ಮಾಡುವ ತನಕ ಮಾತ್ರ ನಾನು.

ಅಲ್ಲಿಂದ ನೇರವಾಗಿ ವಾರ್ಡಿಗೆ ಹೋದೆ. ಕೂರಲಿಲ್ಲ. ಕೂತರೆ ಮತ್ತೆ ಕ್ಲಚ್ಚು ಬ್ರೇಕು ಶುರುವಾಗುತ್ತದೆ.

"ಮೇಷ್ಟ್ರಮ್ಮ, ಬೆಳಗ್ಗೆ ನಿಮಗೆ ಫೋನ್ ಬರೋದು ನಿಂತದ್ದು ತಾನಾಗಿ ಅಲ್ಲ. ನಾನೇ ನಿಲ್ಲಿಸಿದ್ದು" ಎಂದೆ. ಪ್ಲಾಸ್ಟರು, ಮೇಲು, ಟಿಕ್ಕು, ಹತ್ತದ ಮೆಟ್ಟಿಲು, ಎಲ್ಲ ಹೇಳಿದೆ.

ಅವರು ದಿಂಬಿಗೊರಗಿ ಎದ್ದು ಕೂತರು.

"ಎಷ್ಟು ಮೆಟ್ಟಿಲು?"

"ಅರವತ್ತಾರು. ಈಗ ದಿನಾ ಹತ್ತುತ್ತೀನಿ."

"ಬ್ರೇಕ್ ತುಳಿಯೋಕೆ ಮುಂಚೆ ಕನ್ನಡಿ ನೋಡು, ಹಿಂದೆ ಯಾರಿದಾರೆ ನೋಡು ಅಂತ ಮೂವತ್ತು ವರ್ಷದಿಂದ ಹೇಳ್ಕೊಡ್ತಾ ಇದೀನಿ. ಅದು ಬರ್ದೇ ಇರೋವ್ರನ್ನ ನಾನು ಪಾಸ್ ಮಾಡಿಲ್ಲ." ಮೆಲ್ಲಗೆ ಹೇಳಿದರು. ಅವರ ದನಿ ಅಷ್ಟು ಮೆಲ್ಲಗಿದ್ದದ್ದನ್ನು ನಾನು ಕೇಳಿರಲಿಲ್ಲ. "ಹತ್ತು ದಿನ, ಕೈ ಹಿಡ್ಕೊಂಡು ನಿನಗೆ ಥ್ಯಾಂಕ್ಸ್ ಹೇಳಿದೀನಿ. ಕೇಳ್ಕೊಂಡು ಕೂತಿದ್ಯಲ್ಲ."

ಹತ್ತು ದಿನವಲ್ಲ, ಎರಡು ಸಲ. ಆದರೆ ಲೆಕ್ಕ ತಿದ್ದಲು ನನಗೆ ಯಾವ ಮುಖವಿತ್ತು?

"ಹೋಗು. ಸುಸ್ತಾಗಿದೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಬಸ್ ಸ್ಟಾಪಿನವರೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಹಗುರಾಗುತ್ತದೆ ಅಂತ ಜನ ಹೇಳುತ್ತಾರೆ. ನನಗೇನೂ ಹಗುರಾಗಲಿಲ್ಲ.

ಮಾರ್ಚ್ 29, ಶನಿವಾರ

ಇವತ್ತು ಬೆಳಿಗ್ಗೆ ಏಳಕ್ಕೆ ಯಂತ್ರ ತಾನೇ ಫೋನ್ ಮಾಡಿತು. ನಾನು ಸಿಸ್ಟರ್ ಆಫೀಸಿನಲ್ಲಿ ಪ್ರಿಂಟರ್ ಮುಂದೆ ನಿಂತಿದ್ದೆ. ಎಂಟಕ್ಕೆ ಚೀಟಿ ಬಂತು. ಅರವತ್ತೆರಡು ಜನ ಸರಿ. ಒಬ್ಬರು ಎತ್ತಲಿಲ್ಲ. ಹೆಸರು ಓದಿ ಚೀಟಿಯನ್ನು ಸಿಸ್ಟರ್ ಕೈಗೆ ತುರುಕಿದೆ. ಮೇಷ್ಟ್ರಮ್ಮ ನಿನ್ನೆಯಷ್ಟೇ ಮನೆಗೆ ಹೋಗಿದ್ದರು.

ಸಿಸ್ಟರ್ ತಕ್ಷಣ ಫೋನ್ ಮಾಡಿದರು. ಎರಡನೇ ರಿಂಗಿಗೇ ಎತ್ತಿದರು. ದನಿ ನನ್ನವರೆಗೂ ಕೇಳಿಸಿತು.

"ಎತ್ತಲಿಲ್ಲ ಅಲ್ಲ, ಎತ್ತಿ ಇಟ್ಟೆ. ಮಷಿನ್ ಜೊತೆ ನಾನು ಮಾತಾಡಲ್ಲ. ಅದನ್ನ ಯಾರು ಯಾವಾಗ ಕೀಳ್ತಾರೋ. ಕಿತ್ತವಳೇ ಮಾಡ್ಲಿ."

ಸಿಸ್ಟರ್ ಫೋನ್ ಇಟ್ಟು ನನ್ನನ್ನು ನೋಡಿದರು. ರಿಜಿಸ್ಟರ್ ತೆಗೆದು, ಆ ಹೆಸರಿನ ಮುಂದೆ ನನ್ನ ನಂಬರು ಬರೆದುಕೊಂಡರು.

ಮಾರ್ಚ್ 30, ಭಾನುವಾರ

ಏಳಕ್ಕೆ ಮಾಡಿದೆ. "ಅರವತ್ತೆರಡು" ಎಂದು ಫೋನ್ ಇಟ್ಟರು. ನಾನು ಹಲೋ ಕೂಡ ಅಂದಿರಲಿಲ್ಲ. ಸರಿಯಾಗೇ ಇದೆ, ಒಂದು ಕೆಜಿ ತನಕ ಪರವಾಗಿಲ್ಲವಂತೆ. ಆದರೂ ಮಧ್ಯಾಹ್ನದವರೆಗೆ ಮನಸ್ಸು ಅಲ್ಲೇ ಇತ್ತು.

ಮಾರ್ಚ್ 31, ಸೋಮವಾರ

ಕೊನೆಯ ಲಾರಿ ಮೂರು ಗಂಟೆಗೆ ಹೊರಟಿತು. ಎಸಿ ಆರಿಸಿದೆವು. ವೈರಣ್ಣ ಬಕೆಟ್ಟನ್ನು ತೊಳೆದು ಬೋರಲು ಹಾಕಿದ. ಹದಿನೇಳು ವರ್ಷದಲ್ಲಿ ಮೊದಲ ಸಲ ಆ ರೂಮಿನಲ್ಲಿ ನಾವು ದನಿ ಎತ್ತರಿಸದೆ ಮಾತಾಡಿದೆವು. ಇಬ್ಬರಿಗೂ ಅಲ್ಲಿ ನಿಲ್ಲಲಾಗಲಿಲ್ಲ. ಬೀಗದ ಕೈ ಕೊಟ್ಟು ಸಹಿ ಹಾಕಿ ಬಂದೆ. ನಾಳೆಯಿಂದ ಎಲ್ಲಿ ಕೂರಬೇಕೆಂದು ಇನ್ನೂ ಹೇಳಿಲ್ಲ.

ಇವತ್ತೂ ಅರವತ್ತೆರಡು. ಇವತ್ತೂ ಹಲೋಗೆ ಎಡೆಯಿರಲಿಲ್ಲ.

ಏಪ್ರಿಲ್ 1, ಮಂಗಳವಾರ

ಆರೂ ಐವತ್ತಕ್ಕೇ ಅಡುಗೆಮನೆಯಲ್ಲಿ ಕೂತಿದ್ದೆ. ಆಫೀಸಿಗೆ ಹೋಗುವ ಆತುರವಿಲ್ಲದೆ ಎಷ್ಟು ವರ್ಷವಾಗಿತ್ತು. ಏಳಕ್ಕೆ ಸರಿಯಾಗಿ ಮಾಡಿದೆ.

"ಅರವತ್ತೊಂದೂವರೆ."

ಇಡುತ್ತಾರೆ ಅಂದುಕೊಂಡೆ. ಇಡಲಿಲ್ಲ. ಉಸಿರಾಟ ಕೇಳಿಸುತ್ತಿತ್ತು, ಸರಾಗವಾಗಿತ್ತು.

"ಬರ್ಕೊಂಡ್ಯಾ?"

"ಬರ್ಕೊಂಡೆ."

"ಬರ್ಕೊಂಡ್ಯೋ, ಟಿಕ್ ಹಾಕಿದ್ಯೋ?"

"ಬರ್ಕೊಂಡೆ ಮೇಷ್ಟ್ರಮ್ಮ."

"ಓದು ನೋಡೋಣ."

ನನ್ನ ಮುಂದಿದ್ದ ನೋಟುಬುಕ್ಕಿನಲ್ಲಿ ನಾನೇ ಬರೆದದ್ದರ ಮೇಲೆ ಬೆರಳಿಟ್ಟು, "ಏಪ್ರಿಲ್ ಒಂದು, ಬೆಳಿಗ್ಗೆ ಏಳು ಗಂಟೆ, ಅರವತ್ತೊಂದೂವರೆ" ಎಂದು ಓದಿದೆ.

"ಸರಿ" ಎಂದರು. ಆಮೇಲೆ ಇಟ್ಟರು.